ಕೋವಿಡ್ ಕಾಲದ ಸಂಗೀತ ಕಛೇರಿಗಳು, ಕೈಯಲ್ಲುಳಿದ ಟಿಕೆಟ್‌ಗಳು: ರಸಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಯಾವುದೇ ಸಂಗೀತ ಸಭೆಯಲ್ಲಿ ಕಛೇರಿ ಶುರುವಾಗುವ ಮೊದಲು ಸ್ವಲ್ಪ ಹೊತ್ತು ರಸಿಕರ ಮಾತಿಗೆ ಕಿವಿಗೊಟ್ಟರೆ, ಯಾರಾದರೊಬ್ಬರು ಕೋವಿಡ್ ವರ್ಷಗಳ ಪ್ರಸ್ತಾಪ ಎತ್ತದೇ ಇರುವುದಿಲ್ಲ. ಯಾವ ಕಛೇರಿ ರದ್ದಾಯಿತು, ದುಡ್ಡು ವಾಪಸು ಬಂತೋ ಇಲ್ಲವೋ, ಬಾಗಿಲು ಮತ್ತೆ ತೆರೆದಾಗ ಎಷ್ಟು ಜನರನ್ನು ಒಳಗೆ ಬಿಟ್ಟರು ಎಂಬ ವಿಷಯಗಳಲ್ಲಿ ಇಬ್ಬರ ನೆನಪು ಹೊಂದುವುದು ಅಪರೂಪ. ಆ ಮಾತುಕತೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಮುಖ್ಯವಾಗಿ ಬೆಂಗಳೂರು, ಚೆನ್ನೈ ಮತ್ತು ಪುಣೆಯ ಶಾಸ್ತ್ರೀಯ ಸಂಗೀತದ ಕುರಿತು ಬರೆದಿದ್ದು, ಹೊರದೇಶಗಳ ಕೆಲವು ಪ್ರಸಂಗಗಳನ್ನು ಹೋಲಿಕೆಗಾಗಿ ಸೇರಿಸಿದೆ.

ಬೆಂಗಳೂರಿನಲ್ಲಿ ಕಛೇರಿಗಳು ನಿಂತದ್ದು ಲಾಕ್‌ಡೌನ್ ದಿನದಿಂದಲೇ?

ಅಲ್ಲ, ಅದಕ್ಕಿಂತ ಮೊದಲೇ ನಿಂತಿದ್ದವು. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ಸಂಭವಿಸಿದ್ದು 2020ರ ಮಾರ್ಚ್ 12ರಂದು ಖಚಿತವಾಯಿತು. ಮರುದಿನವೇ ರಾಜ್ಯ ಸರ್ಕಾರ ಮಾಲ್, ಚಿತ್ರಮಂದಿರ, ಅದ್ದೂರಿ ಮದುವೆ ಮತ್ತು ಸಾರ್ವಜನಿಕ ಕಾರ್ಯಕ್ರಮಗಳನ್ನು ಒಂದು ವಾರ ನಿಲ್ಲಿಸಲು ಆದೇಶಿಸಿತು. ಆ ಒಂದು ವಾರವೇ ಮುಂದೆ ತಿಂಗಳುಗಟ್ಟಲೆ ಬೆಳೆಯಿತು. ಮಾರ್ಚ್ 22ರಂದು ಜನತಾ ಕರ್ಫ್ಯೂ ಆಯಿತು, 25ರಿಂದ ದೇಶದಾದ್ಯಂತ ಲಾಕ್‌ಡೌನ್ ಬಂತು. ಬಹಳ ಮಂದಿಯ ಮನಸ್ಸಿನಲ್ಲಿ 25ನೇ ತಾರೀಖೇ ಗಟ್ಟಿಯಾಗಿ ಕುಳಿತಿರುವುದಕ್ಕೆ ಕಾರಣ ಬೇರೆ ಇದೆ: ಅಂದು ಯುಗಾದಿ. ಬೇವು ಬೆಲ್ಲ ತಿಂದು ಸಂಜೆ ಸಂಗೀತೋತ್ಸವದ ಚಪ್ಪರದ ಕಡೆ ಹೊರಡಬೇಕಾಗಿದ್ದವರು ಹಾಲಿನ ಪ್ಯಾಕೆಟ್ ಎಲ್ಲಿ ಸಿಗುತ್ತದೆ ಎಂದು ಹುಡುಕಿಕೊಂಡು ಹೋದ ಹಬ್ಬ ಅದು.

ರಾಮನವಮಿ ಸಂಗೀತೋತ್ಸವಗಳ ಗತಿ ಏನಾಯಿತು?

ಬೆಂಗಳೂರಿನ ಸಂಗೀತದ ಪಂಚಾಂಗದಲ್ಲಿ ಯುಗಾದಿಯಿಂದ ಮುಂದಿನ ಒಂದು ತಿಂಗಳಿಗೂ ಮಿಕ್ಕ ಕಾಲ ಸುಗ್ಗಿಯ ಕಾಲ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ಉತ್ಸವ ನಡೆಯುತ್ತದೆ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಆರಂಭಿಸಿದ ಆ ಪರಂಪರೆಯ ಸುತ್ತ ಮಲ್ಲೇಶ್ವರ, ಜಯನಗರ, ಬಸವನಗುಡಿಗಳಲ್ಲಿ ಇನ್ನೂ ಎಷ್ಟೋ ಚಿಕ್ಕ ದೊಡ್ಡ ಉತ್ಸವಗಳು ಹುಟ್ಟಿಕೊಂಡಿವೆ. ದುಡ್ಡು ಕೊಟ್ಟವರಿಗೆ ಒಳಗೆ ಕುರ್ಚಿ, ಕೊಡದವರಿಗೆ ಹೊರಗಿನ ರಸ್ತೆಬದಿ ಎಂಬ ಏರ್ಪಾಡು ಇಲ್ಲಿ ಹಳೆಯದು. ಫುಟ್‌ಪಾತ್ ಮೇಲೆ ಚಾಪೆ ಹಾಸಿ, ಧ್ವನಿವರ್ಧಕದಲ್ಲಿ ದೊಡ್ಡ ದೊಡ್ಡ ವಿದ್ವಾಂಸರನ್ನು ಕೇಳಿಯೇ ಕಿವಿ ತಿದ್ದಿಕೊಂಡೆವೆಂದು ಹೆಮ್ಮೆಯಿಂದ ಹೇಳುವ ಹಿರಿಯರು ಇಂದಿಗೂ ಇದ್ದಾರೆ.

2020ರಲ್ಲಿ ರಾಮನವಮಿ ಏಪ್ರಿಲ್ 2ರಂದು, ಅಂದರೆ ಲಾಕ್‌ಡೌನಿನ ಎರಡನೆಯ ವಾರದಲ್ಲಿ ಬಂತು. ಆ ದಿನಗಳಲ್ಲಿ ಮೈದಾನಕ್ಕೆ ಜನ ಸೇರಿಸುವ ಪ್ರಶ್ನೆಯೇ ಇರಲಿಲ್ಲ. 2021ರ ಕಥೆ ಇದಕ್ಕಿಂತ ಕ್ರೂರವಾದದ್ದು ಎಂದು ನನ್ನ ಭಾವನೆ, ಏಕೆಂದರೆ ಆ ವರ್ಷದ ಜನವರಿ, ಫೆಬ್ರವರಿಗಳಲ್ಲಿ ಸೋಂಕು ಇಳಿದು ಎಲ್ಲರಿಗೂ ಆಸೆ ಮೂಡಿತ್ತು. ಏಪ್ರಿಲ್ 13ಕ್ಕೆ ಯುಗಾದಿ, 21ಕ್ಕೆ ರಾಮನವಮಿ. ಸರಿಯಾಗಿ ಆ ರಾಮನವಮಿಯ ದಿನದಿಂದಲೇ ರಾಜ್ಯದಲ್ಲಿ ರಾತ್ರಿ ಕರ್ಫ್ಯೂ ಮತ್ತು ವಾರಾಂತ್ಯದ ಕರ್ಫ್ಯೂ ಬಿಗಿಯಾದವು, ಏಪ್ರಿಲ್ 27ರ ರಾತ್ರಿಯಿಂದ ಮತ್ತೆ ಲಾಕ್‌ಡೌನ್ ಜಾರಿಗೆ ಬಂತು. ಮೊದಲ ವರ್ಷ ನಿರಾಶೆಯಷ್ಟೇ ಇತ್ತು. ಎರಡನೆಯ ವರ್ಷ ಆಮ್ಲಜನಕದ ಸಿಲಿಂಡರಿಗಾಗಿ ಫೋನ್ ಮಾಡುತ್ತಿದ್ದ ಮನೆಗಳಲ್ಲಿ ಸಂಗೀತದ ನೆನಪೇ ಬರಲಿಲ್ಲ. 2022ರ ಯುಗಾದಿ ಏಪ್ರಿಲ್ 2ರಂದು ಬರುವ ಹೊತ್ತಿಗೆ ನಿರ್ಬಂಧಗಳು ಬಹುತೇಕ ತೆರವಾಗಿದ್ದವು.

ರದ್ದಾದ ಕಛೇರಿಗಳ ಟಿಕೆಟ್ ಹಣ ವಾಪಸು ಬಂತೇ?

ಇದಕ್ಕೆ ಒಂದೇ ಉತ್ತರವಿಲ್ಲ, ಟಿಕೆಟ್ ಕೊಂಡ ಬಗೆಯ ಮೇಲೆ ಅದು ನಿಂತಿತ್ತು. ಸಭೆಯ, ಅಂದರೆ ಕಛೇರಿ ಏರ್ಪಡಿಸುವ ಸಂಸ್ಥೆಯ, ಆಫೀಸಿಗೆ ಹೋಗಿ, ಪುಸ್ತಕದಿಂದ ಹರಿದುಕೊಡುವ ಸೀಸನ್ ಪಾಸ್ ಪಡೆದವರಲ್ಲಿ ಹೆಚ್ಚಿನವರು ಹಣ ಕೇಳಲಿಲ್ಲ. ಆ ಪಾಸ್ ಮುಂದಿನ ವರ್ಷಕ್ಕೆ ನಡೆಯುತ್ತದೆ ಎಂದು ಕಾರ್ಯದರ್ಶಿಗಳು ಹೇಳಿದರೆ ಅಷ್ಟಕ್ಕೇ ತೃಪ್ತರಾದರು, ಇನ್ನು ಕೆಲವರು ಅದನ್ನು ಕಲಾವಿದರಿಗೆ ಕೊಟ್ಟುಬಿಡಿ ಎಂದರು. ಸಭೆಗಳು ಬಹುಪಾಲು ಟ್ರಸ್ಟ್ ಅಥವಾ ಸಂಘಗಳ ರೂಪದಲ್ಲಿರುವುದರಿಂದಲೂ, ಪಾಸ್ ಕೊಳ್ಳುವವರು ವರ್ಷವರ್ಷವೂ ಅವರೇ ಆಗಿರುವುದರಿಂದಲೂ ಇದು ಸಾಧ್ಯವಾಯಿತು. ಆನ್‌ಲೈನ್ ಮಾರಾಟ ತಾಣಗಳ ಮೂಲಕ ಕೊಂಡವರ ಅನುಭವ ಬೇರೆ. ನನಗೆ ಒಂದು ಫ್ಯೂಷನ್ ಕಾರ್ಯಕ್ರಮದ ಟಿಕೆಟ್ಟಿನ ಮುಖಬೆಲೆ ವಾಪಸು ಬಂದರೂ, ಅದರ ಮೇಲೆ ಹಾಕಿದ್ದ ಅನುಕೂಲ ಶುಲ್ಕ ಬರಲಿಲ್ಲ. ಯಾರಿಗೆ ಆದ ಅನುಕೂಲ ಎಂದು ಇಮೇಲ್ ಬರೆದು ಕೇಳಿದ್ದಕ್ಕೆ ನಿಯಮಾವಳಿಯ ಕೊಂಡಿಯೊಂದನ್ನು ಕಳಿಸಿಕೊಟ್ಟರು.

ಇತರ ದೇಶಗಳಲ್ಲಿ ಸರ್ಕಾರಗಳೇ ಮಧ್ಯೆ ಬಂದದ್ದೂ ಉಂಟು. ಜರ್ಮನಿ 2020ರ ಮೇ ತಿಂಗಳಲ್ಲಿ ಕಾನೂನು ತಂದು, ಮಾರ್ಚ್ 8ಕ್ಕಿಂತ ಮೊದಲು ಮಾರಾಟವಾಗಿದ್ದ ಟಿಕೆಟ್‌ಗಳಿಗೆ ಸಂಘಟಕರು ನಗದಿನ ಬದಲು ವೋಚರ್ ಕೊಡಬಹುದು ಎಂದಿತು. ಆ ವೋಚರನ್ನು 2021ರ ಕೊನೆಯೊಳಗೆ ಬಳಸದಿದ್ದರೆ ಹಣ ಕೇಳುವ ಹಕ್ಕು ಇತ್ತು. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ 2020ರಲ್ಲಿ ತನ್ನ ಐವತ್ತನೆಯ ವರ್ಷವನ್ನು ಆಚರಿಸಬೇಕಾಗಿತ್ತು. ಮಾರ್ಚ್ 18ರಂದು ಅದು ರದ್ದಾದಾಗ, 50 ಪೌಂಡ್ ಮುಂಗಡ ಕಟ್ಟಿದವರಿಗೆ ಹಣ ವಾಪಸು ಪಡೆಯುವ ಅಥವಾ ಮುಂದಿನ ವರ್ಷಕ್ಕೆ ಜಾಗ ಕಾದಿರಿಸಿಕೊಳ್ಳುವ ಆಯ್ಕೆ ಕೊಟ್ಟರು. ಮುಂದಿನ ವರ್ಷವೂ ರದ್ದಾಯಿತು. ಕಡೆಗೆ 2022ರ ಜೂನ್‌ನಲ್ಲಿ ಉತ್ಸವ ನಡೆದಾಗ, 2020ರಲ್ಲಿ ಹಾಡಬೇಕಾಗಿದ್ದ ಪಾಲ್ ಮೆಕಾರ್ಟ್ನಿ ಎಂಬತ್ತು ತುಂಬಿದ ಕೆಲವೇ ದಿನಗಳಲ್ಲಿ ವೇದಿಕೆ ಹತ್ತಿದರು. ಎರಡು ವರ್ಷ ಮುಂಗಡ ಬಿಟ್ಟು ಕಾದವರಿಗೆ ಅದೇ ಬಡ್ಡಿ ಎನ್ನಬೇಕು.

ಆನ್‌ಲೈನ್ ಕಛೇರಿಗಳಿಗೂ ಟಿಕೆಟ್ ಇತ್ತೇ? ಉಚಿತವಾಗಿಯೇ ಕೇಳಿದ ನೆನಪು.

ಎರಡೂ ನಿಜ. 2020ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಂದದ್ದು ಬಹುಪಾಲು ಉಚಿತ. ಕಲಾವಿದರು ತಮ್ಮ ಮನೆಯ ಕೋಣೆಯಲ್ಲಿ, ಪುಸ್ತಕದ ಗೋಡೆಯ ಮುಂದೆಯೋ ದೇವರ ಪಟದ ಮುಂದೆಯೋ ಕುಳಿತು, ಫೋನನ್ನು ಡಬ್ಬಿಯೊಂದಕ್ಕೆ ಆನಿಸಿಟ್ಟು ಫೇಸ್‌ಬುಕ್ ಲೈವ್‌ನಲ್ಲಿ ಹಾಡುತ್ತಿದ್ದರು. ಮಧ್ಯೆ ಕುಕ್ಕರಿನ ಸೀಟಿ ಕೇಳಿಸಿದರೆ ಕೇಳುಗರು ಪ್ರತಿಕ್ರಿಯೆಯಲ್ಲಿ ನಗುತ್ತಿದ್ದರು. ಹೊರದೇಶದಲ್ಲೂ ಇದೇ ರೀತಿ: ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ಮಾರ್ಚ್ 12ರಂದೇ ಖಾಲಿ ಸಭಾಂಗಣದಲ್ಲಿ ನುಡಿಸಿ ಅದನ್ನು ನೇರಪ್ರಸಾರ ಮಾಡಿತು, ಬಳಿಕ ತನ್ನ ಡಿಜಿಟಲ್ ಸಂಗ್ರಹವನ್ನು ಒಂದು ತಿಂಗಳ ಕಾಲ ಎಲ್ಲರಿಗೂ ತೆರೆದಿಟ್ಟಿತು.

ಆದರೆ ವರ್ಷದ ಕೊನೆಯ ಹೊತ್ತಿಗೆ, ಹೀಗೆ ಉಚಿತವಾಗಿಯೇ ಹಾಡುತ್ತಿದ್ದರೆ ಹೊಟ್ಟೆ ತುಂಬುವುದಿಲ್ಲ ಎಂಬುದು ಸ್ಪಷ್ಟವಾಯಿತು. ಚೆನ್ನೈನ ಮಾರ್ಗಳಿ ಸೀಸನ್, ಅಂದರೆ ಅಲ್ಲಿನ ವರ್ಷಾಂತ್ಯದ ಸಂಗೀತೋತ್ಸವಗಳ ಸಾಲು, 2020ರ ಡಿಸೆಂಬರ್‌ನಲ್ಲಿ ಆನ್‌ಲೈನ್ ರೂಪ ತಾಳಿತು. ಮದ್ರಾಸ್ ಮ್ಯೂಸಿಕ್ ಅಕಾಡೆಮಿ ತನ್ನ ಎಂದಿನ ದೀರ್ಘ ಉತ್ಸವವನ್ನು ಮೊಟಕುಗೊಳಿಸಿ ಅಂತರ್ಜಾಲದಲ್ಲಿ ನಡೆಸಿತು. ನಗರದ ಹಲವು ಸಭೆಗಳು ಪೈಪೋಟಿ ಬದಿಗಿಟ್ಟು ಒಂದಾಗಿ ‘ಯುವರ್ಸ್ ಟ್ರೂಲಿ ಮಾರ್ಗಳಿ’ ಎಂಬ ಹೆಸರಿನಲ್ಲಿ ಟಿಕೆಟ್ ಸಹಿತ ಉತ್ಸವ ಏರ್ಪಡಿಸಿದವು. ಕಛೇರಿಗಳನ್ನು ಮೊದಲೇ ಸಭಾಂಗಣದಲ್ಲಿ ಒಳ್ಳೆಯ ಕ್ಯಾಮೆರಾ, ಒಳ್ಳೆಯ ಮೈಕುಗಳೊಂದಿಗೆ ಚಿತ್ರೀಕರಿಸಿ, ನಿಗದಿತ ವೇಳೆಗೆ ಬಿಡುಗಡೆ ಮಾಡುವುದು ರೂಢಿಯಾಯಿತು. ಒಂದು ಟಿಕೆಟ್ ಕೊಂಡರೆ ಮನೆಮಂದಿಯೆಲ್ಲ ಟಿವಿಯ ಮುಂದೆ ಕುಳಿತು ಕೇಳಬಹುದಾಗಿತ್ತು, ಆ ಹೊತ್ತಿಗೆ ಆಗದಿದ್ದರೆ ಕೆಲವು ದಿನಗಳ ಒಳಗೆ ಯಾವಾಗ ಬೇಕಾದರೂ ನೋಡಬಹುದಾಗಿತ್ತು. ಅಮೆರಿಕ, ಸಿಂಗಪುರ, ಆಸ್ಟ್ರೇಲಿಯಾಗಳಲ್ಲಿರುವ ಕನ್ನಡಿಗ ರಸಿಕರು ಡಿಸೆಂಬರ್ ರಜೆಯಲ್ಲಿ ವಿಮಾನದ ಟಿಕೆಟ್ ಸಿಕ್ಕರೆ ಮಾತ್ರ ಕೇಳುತ್ತಿದ್ದುದನ್ನು ಮನೆಯಲ್ಲೇ ಕೇಳಿದರು. ಓಡಾಡಲಾಗದ ವೃದ್ಧರಿಗೂ ಇದು ದೊಡ್ಡ ಉಪಕಾರವಾಯಿತು.

ಕಲಾವಿದರು ಅವರೇ, ರಾಗಗಳು ಅವೇ. ಆದರೂ ಆನ್‌ಲೈನ್ ಕಛೇರಿ ಸಪ್ಪೆ ಎನಿಸಿದ್ದೇಕೆ?

ಸಪ್ಪೆ ಎನಿಸಿದ್ದು ನಿಮ್ಮೊಬ್ಬರಿಗೇ ಅಲ್ಲ, ಹಾಡಿದವರಿಗೂ ಹಾಗೆಯೇ ಎನಿಸಿತ್ತು. ಇದರಲ್ಲಿ ತಾಂತ್ರಿಕ ಕಾರಣಗಳೂ ಇದ್ದವು.

ಮೊದಲನೆಯದು ವಿಳಂಬ. ಕರ್ನಾಟಕ ಸಂಗೀತದಲ್ಲಿ ಪಕ್ಕವಾದ್ಯ ಬರೆದಿಟ್ಟದ್ದನ್ನು ನುಡಿಸುವುದಿಲ್ಲ. ಗಾಯಕರು ಆಲಾಪನೆಯಲ್ಲಿ (ತಾಳವಿಲ್ಲದೆ ರಾಗವನ್ನು ಬಿಡಿಸುವಾಗ) ಎಳೆದ ಸಂಚಾರವನ್ನು ಪಿಟೀಲು ಬೆನ್ನಿಗೇ ಹಿಂಬಾಲಿಸಬೇಕು, ಆ ಕ್ಷಣದಲ್ಲೇ ಕಟ್ಟಿ ಹಾಡುವ ಕಲ್ಪನಾಸ್ವರದ ಕೊನೆಯ ಆವರ್ತನವನ್ನು (ತಾಳದ ಸುತ್ತನ್ನು) ಮೃದಂಗ ಮೊದಲೇ ಊಹಿಸಿ ಜೊತೆಗೆ ಬಂದು ಎಡುಪ್ಪಿನಲ್ಲಿ, ಅಂದರೆ ಹಾಡಿನ ಸಾಲು ತಾಳದಲ್ಲಿ ಶುರುವಾಗುವ ಜಾಗದಲ್ಲಿ, ಕೂಡಬೇಕು. ವೇದಿಕೆಯ ಮೇಲೆ ಇಬ್ಬರ ನಡುವೆ ಎರಡು ಮೂರು ಮೀಟರ್ ಅಂತರವಿದ್ದರೆ ಧ್ವನಿ ದಾಟಲು ಹತ್ತು ಮಿಲಿಸೆಕೆಂಡ್ ಕೂಡ ಬೇಕಾಗುವುದಿಲ್ಲ. ಹತ್ತು ಮೀಟರ್ ದೂರ ಕುಳಿತರೆ ಸುಮಾರು ಮೂವತ್ತು ಮಿಲಿಸೆಕೆಂಡ್ ಆಗುತ್ತದೆ, ಲಯ ಹಿಡಿದು ಜೊತೆಗೂಡಿ ನುಡಿಸುವುದು ಅಲ್ಲಿಂದಾಚೆಗೆ ಕಷ್ಟವಾಗುತ್ತಾ ಹೋಗುತ್ತದೆ. ಮನೆಯ ಅಂತರ್ಜಾಲ ಸಂಪರ್ಕದಲ್ಲಿ ನಡೆಯುವ ವೀಡಿಯೊ ಕರೆಯಲ್ಲಿ ವಿಳಂಬ ಇದರ ಹಲವು ಪಟ್ಟು. ಜಯನಗರದ ಗಾಯಕಿ ಮತ್ತು ಮೈಸೂರಿನ ಮೃದಂಗ ವಾದಕರು ತಂತಮ್ಮ ಮನೆಯಿಂದ ಒಟ್ಟಿಗೆ ಆದಿತಾಳ ಹಿಡಿಯಲು ಹೊರಟರೆ ಎರಡನೆಯ ಆವರ್ತನಕ್ಕೇ ಕೈ ತಪ್ಪುತ್ತದೆ. ಹೀಗಾಗಿ ಗಾಯಕರು ಮೊದಲು ಹಾಡಿ ಕಳಿಸುವುದು, ಪಿಟೀಲಿನವರು ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ನುಡಿಸಿ ಕಳಿಸುವುದು, ಕೊನೆಗೆ ಮೃದಂಗ ಸೇರುವುದು ಎಂಬ ಪದರ ಪದರದ ವಿಧಾನ ಬಂತು. ನೋಡುವುದಕ್ಕೆ ನಾಲ್ಕು ಚೌಕಗಳಲ್ಲಿ ನಾಲ್ವರು ಕುಳಿತಿದ್ದರೂ ಅಲ್ಲಿ ಮನೋಧರ್ಮ (ಸ್ಥಳದಲ್ಲೇ ಹೊಸದನ್ನು ಕಟ್ಟುವುದು) ಒಮ್ಮುಖವಾಗಿತ್ತು. ಪಿಟೀಲಿನವರು ಏನೇ ಹೊಸದು ತಂದರೂ ಗಾಯಕರಿಗೆ ಅದು ಕೇಳಿಸುವ ಹಾಗಿರಲಿಲ್ಲ.

ಎರಡನೆಯದು ಶ್ರುತಿ. ವೀಡಿಯೊ ಕರೆಗಳ ತಂತ್ರಾಂಶ ಮಾತಿಗಾಗಿ ಮಾಡಿದ್ದು, ನಿರಂತರವಾಗಿ ಬರುವ ಯಾವುದೇ ಧ್ವನಿಯನ್ನು ಅದು ಫ್ಯಾನಿನ ಸದ್ದೆಂದು ಬಗೆದು ಅಳಿಸಿಹಾಕುತ್ತದೆ. ತಂಬೂರಿ ನಿಂತರೆ ಸಂಗೀತವೇ ನಿಂತಂತೆ ಎಂದು ನಾವು ತಿಳಿದಿದ್ದರೆ, ಯಂತ್ರಕ್ಕೆ ಮೊದಲು ತೆಗೆಯಬೇಕೆನಿಸಿದ್ದು ತಂಬೂರಿಯನ್ನೇ. ಆನ್‌ಲೈನ್ ಪಾಠದಲ್ಲಿ ಗುರುಗಳು ಹಾಡಿ ನಿಲ್ಲಿಸಿದ ತಾರಷಡ್ಜ (ಮೇಲಿನ ‘ಸ’) ಮಧ್ಯದಲ್ಲೇ ಕರಗಿಹೋಗುತ್ತಿತ್ತು. ಸಂಗೀತಗಾರರಿಗೆಂದು ಮೂಲ ಧ್ವನಿಯನ್ನು ಹಾಗೆಯೇ ಕಳಿಸುವ ಆಯ್ಕೆಗಳೂ ಇದ್ದವು, ಆದರೆ ಸೆಟ್ಟಿಂಗ್ಸ್‌ನ ಆಳದಲ್ಲಿದ್ದ ಅವುಗಳನ್ನು ಹುಡುಕಿ ಒತ್ತಲು ಮನೆಯಲ್ಲಿ ಮೊಮ್ಮಗಳು ಇರಬೇಕಾಗಿತ್ತು.

ಮೂರನೆಯದು ನಾವೇ, ಅಂದರೆ ಕೇಳುಗರು. ಸಭಾಂಗಣದಲ್ಲಿ ಮೊದಲ ಸಾಲಿನ ಹಿರಿಯರೊಬ್ಬರು ತೊಡೆ ತಟ್ಟುತ್ತಾ ತಾಳ ಹಾಕುವುದು, ರಾಗದ ಒಂದು ಪ್ರಯೋಗಕ್ಕೆ ಎಲ್ಲಿಂದಲೋ ‘ಭೇಷ್’ ಬರುವುದು, ಬಾರದೇ ಇರುವುದು, ತನಿ ಆವರ್ತನ (ಲಯವಾದ್ಯದವರು ಮಾತ್ರ ನುಡಿಸುವ ಭಾಗ) ಶುರುವಾದೊಡನೆ ಕ್ಯಾಂಟೀನ್ ಕಡೆ ಏಳುವವರ ಸದ್ದು, ಇವೆಲ್ಲವೂ ಕಲಾವಿದರಿಗೆ ಸೂಚನೆಗಳು. ತೋಡಿ ರಾಗವನ್ನು ಇನ್ನೂ ಬೆಳೆಸಬೇಕೋ ಸಾಕೋ ಎಂಬುದನ್ನು ಅವರು ಸಭೆಯ ಮುಖ ನೋಡಿ ತೀರ್ಮಾನಿಸುತ್ತಾರೆ. ಕ್ಯಾಮೆರಾದ ಗಾಜಿಗೆ ಮುಖವಿಲ್ಲ. ಕಛೇರಿ ಮುಗಿದ ಮೇಲೆ ಮೇಲಕ್ಕೆ ಹಾರುವ ಕೈಮುಗಿದ ಚಿತ್ರಗಳನ್ನು ಎಣಿಸಿ ಏನೂ ತಿಳಿಯುವುದಿಲ್ಲ. ನಾವು ಟಿಕೆಟ್ ಕೊಳ್ಳುವುದು ಹಾಡಿಗಾಗಿ ಅಲ್ಲ, ಹಾಡು ರೇಡಿಯೊದಲ್ಲೂ ಸಿಗುತ್ತದೆ. ಅದು ರೂಪ ಪಡೆಯುತ್ತಿರುವಾಗ ಅದೇ ಕೋಣೆಯಲ್ಲಿ ಇರುವುದಕ್ಕಾಗಿ ಕೊಳ್ಳುತ್ತೇವೆ ಎಂಬುದು ಆ ವರ್ಷ ನನಗೆ ಮನವರಿಕೆಯಾಯಿತು.

ಸಭಾಂಗಣಗಳು ಮತ್ತೆ ತೆರೆದದ್ದು ಯಾವಾಗ, ಯಾವ ಷರತ್ತುಗಳ ಮೇಲೆ?

2020ರ ಸೆಪ್ಟೆಂಬರ್ 30ರ ಕೇಂದ್ರದ ಮಾರ್ಗಸೂಚಿಯಂತೆ ಅಕ್ಟೋಬರ್ 15ರ ನಂತರ, ಸೋಂಕಿನ ನಿಯಂತ್ರಿತ ವಲಯಗಳ ಹೊರಗೆ, ಮುಚ್ಚಿದ ಸಭಾಂಗಣಗಳಲ್ಲಿ ಅರ್ಧದಷ್ಟು ಆಸನಗಳಿಗೆ, ಗರಿಷ್ಠ 200 ಜನರಿಗೆ ಅವಕಾಶ ನೀಡಲು ರಾಜ್ಯಗಳಿಗೆ ಅನುಮತಿ ಸಿಕ್ಕಿತು. ಚಿಕ್ಕ ಸಭೆಗೆ ಈ ಮಿತಿ ತೊಂದರೆಯಾಗಲಿಲ್ಲ, ಆದರೆ ಮಲ್ಲೇಶ್ವರದ ಕಡೆಯ ಪಿಟೀಲಿನಾಕಾರದ ಚೌಡಯ್ಯ ಸ್ಮಾರಕ ಭವನದಂತಹ, ಸಾವಿರಕ್ಕೂ ಹೆಚ್ಚು ಆಸನಗಳಿರುವ ಸಭಾಂಗಣದಲ್ಲಿ 200 ಜನರಿಗೆ ಟಿಕೆಟ್ ಮಾರಿ ಬಾಡಿಗೆ ಹುಟ್ಟಿಸುವುದು ಯಾವ ಸಂಘಟಕರಿಗೂ ಆಗದ ಮಾತು. ಎರಡನೆಯ ಅಲೆಯ ನಂತರ ಇದೇ ಕ್ರಮ ಮತ್ತೊಮ್ಮೆ ಮೊದಲಿನಿಂದ ಆರಂಭವಾಯಿತು. 2022ರ ಜನವರಿಯಲ್ಲಿ ಒಮಿಕ್ರಾನ್ ಬಂದಾಗ ರಾಜ್ಯದಲ್ಲಿ ವಾರಾಂತ್ಯ ಕರ್ಫ್ಯೂ ಜೊತೆಗೆ, ರಂಗಮಂದಿರ ಮತ್ತು ಚಿತ್ರಮಂದಿರಗಳಲ್ಲಿ ಅರ್ಧ ಆಸನ, ಅದೂ ಎರಡೂ ಡೋಸ್ ಲಸಿಕೆ ಪಡೆದವರಿಗೆ ಮಾತ್ರ ಎಂಬ ನಿಯಮ ಬಂತು.

ಆ ನಿರ್ಬಂಧಗಳ ನಡುವೆ ಕಛೇರಿ ಕೇಳುವುದು ಹೇಗಿತ್ತು?

ಬಾಗಿಲಲ್ಲಿ ಟಿಕೆಟ್ ನೋಡುವ ಮೊದಲು ಹಣೆ ನೋಡುತ್ತಿದ್ದರು. ಹಣೆಗೆ ಹಿಡಿದ ಉಪಕರಣ ಬೀಪ್ ಎಂದ ಮೇಲೆ ಅಂಗೈಗೆ ಸ್ಯಾನಿಟೈಸರ್ ಹನಿ, ಆಮೇಲೆ ಒಂದು ರಿಜಿಸ್ಟರಿನಲ್ಲಿ ಹೆಸರು, ಫೋನ್ ನಂಬರು. ಆ ರಿಜಿಸ್ಟರಿಗೆ ದಾರದಿಂದ ಕಟ್ಟಿದ್ದ ಒಂದೇ ಪೆನ್ನನ್ನು ಎಲ್ಲರೂ ಹಿಡಿಯುತ್ತಿದ್ದರು ಎಂಬುದನ್ನು ಯಾರೂ ಗಮನಿಸುತ್ತಿರಲಿಲ್ಲ. ಒಳಗೆ ಒಂದು ಬಿಟ್ಟು ಒಂದು ಕುರ್ಚಿಗೆ ಕೆಂಪು ಬಿಳಿ ಟೇಪನ್ನು ಅಡ್ಡಡ್ಡ ಸುತ್ತಿದ್ದರು. ಒಂದೇ ಸ್ಕೂಟರಿನಲ್ಲಿ ಬಂದ ಗಂಡ ಹೆಂಡತಿ ನಡುವೆ ಖಾಲಿ ಕುರ್ಚಿ ಬಿಟ್ಟು ಕೂರಬೇಕಾಗಿತ್ತು, ವಿರಾಮದ ಹೊತ್ತಿಗೆ ಟೇಪು ಕೆಳಗೆ ಜಾರಿ ಅವರು ಪಕ್ಕಪಕ್ಕದಲ್ಲಿರುತ್ತಿದ್ದರು.

ವೇದಿಕೆಯ ಮೇಲೆ ಗಾಯಕರಿಗೆ ಮಾತ್ರ ಮಾಸ್ಕ್ ಇಲ್ಲ. ಮೃದಂಗ, ಪಿಟೀಲಿನವರು ಮಾಸ್ಕ್ ಹಾಕಿಕೊಂಡೇ ನುಡಿಸಿದ್ದನ್ನು ನೋಡಿದ್ದೇನೆ. ಗಾಯಕರ ಕಡೆ ತಿರುಗಿ ನಗುವ, ಮೆಚ್ಚಿ ತುಟಿ ಬಿರಿಯುವ ಆ ಪರಸ್ಪರ ಸಲ್ಲಾಪವೆಲ್ಲ ಹುಬ್ಬಿಗೆ ವರ್ಗವಾಗಿತ್ತು. ಕೊಳಲು, ನಾಗಸ್ವರ, ಸ್ಯಾಕ್ಸೊಫೋನಿನವರಿಗೆ ಮಾಸ್ಕಿನ ಮಾತೇ ಇಲ್ಲವಾದ್ದರಿಂದ ಅವರನ್ನು ಕರೆಯಲು ಸಂಘಟಕರು ಹಿಂಜರಿದರು. ಕೆಮ್ಮು ಬಂದರೆ ಸಾಕು, ಭೈರವಿ ರಾಗದ ಮಧ್ಯದಲ್ಲೂ ತಲೆಗಳು ತಿರುಗುತ್ತಿದ್ದವು. ಕ್ಯಾಂಟೀನ್ ಮುಚ್ಚಿತ್ತು. ಕಾಫಿ, ಬಿಸಿ ಬಜ್ಜಿಗಳಿಲ್ಲದ ಸಭೆ ಎಂಥ ಸಭೆ ಎಂದು ಗೊಣಗಿದವರಲ್ಲಿ ನಾನೂ ಇದ್ದೆ. ಆದರೆ ಒಂದು ಒಳ್ಳೆಯದೂ ಆಯಿತು: ತನಿ ಆವರ್ತನಕ್ಕೆ ಯಾರೂ ಏಳಲಿಲ್ಲ, ಏಕೆಂದರೆ ಹೋಗುವುದಕ್ಕೆ ಜಾಗವಿರಲಿಲ್ಲ. ಲಯವಾದ್ಯದವರು ಆ ಕಾಲವನ್ನು ಇಂದಿಗೂ ಪ್ರೀತಿಯಿಂದಲೇ ನೆನೆಯುತ್ತಾರೆ.

ಹಾಡುವುದರಿಂದ ಸೋಂಕು ಹರಡುತ್ತದೆ ಎಂಬುದು ನಿಜವೇ, ಅತಿಯಾದ ಭಯವೇ?

ನಿಜ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ 2020ರ ಮಾರ್ಚ್ 10ರಂದು ಒಂದು ವೃಂದಗಾನ ತಂಡ ಎರಡೂವರೆ ಗಂಟೆ ಅಭ್ಯಾಸ ನಡೆಸಿತು. ಬಂದಿದ್ದ 61 ಜನರಲ್ಲಿ ರೋಗಲಕ್ಷಣವಿದ್ದವರು ಒಬ್ಬರೇ, ಆದರೆ ಅವರೂ ಸೇರಿದಂತೆ 53 ಮಂದಿಗೆ ಸೋಂಕು ಖಚಿತವಾಯಿತು ಅಥವಾ ತಗುಲಿದೆಯೆಂದು ನಿರ್ಧರಿಸಲಾಯಿತು, ಇಬ್ಬರು ತೀರಿಕೊಂಡರು. ಗಟ್ಟಿಯಾಗಿ ಧ್ವನಿ ಮಾಡಿದಷ್ಟೂ ಬಾಯಿಂದ ಹೊರಬೀಳುವ ಸೂಕ್ಷ್ಮ ಹನಿಗಳ ಸಂಖ್ಯೆ ಹೆಚ್ಚುತ್ತದೆ, ಅವು ಗಾಳಿಯಲ್ಲಿ ತೇಲುತ್ತಾ ಉಳಿಯುತ್ತವೆ, ಗಾಳಿಯಾಡದ ಕೋಣೆಯಲ್ಲಿ ಸಮಯ ಕಳೆದಷ್ಟೂ ಅಪಾಯ ಕೂಡುತ್ತಾ ಹೋಗುತ್ತದೆ ಎಂಬುದನ್ನು ಜಗತ್ತು ಅರಿಯುವಲ್ಲಿ ಈ ಪ್ರಕರಣದ ಪಾತ್ರ ದೊಡ್ಡದು. ಹಾಗೆ ನೋಡಿದರೆ ಒಬ್ಬರೇ ಹಾಡಿ ನೂರಾರು ಜನ ಬಾಯಿ ಮುಚ್ಚಿ ಕೇಳುವ ನಮ್ಮ ಕಛೇರಿ, ಎಲ್ಲರೂ ಒಟ್ಟಿಗೆ ಹಾಡುವ ಭಜನೆಗಿಂತ ಕಡಿಮೆ ಅಪಾಯದ್ದು. ಏಸಿ ಸಭಾಂಗಣಕ್ಕಿಂತ ಸುತ್ತಲೂ ತೆರೆದ ಚಪ್ಪರವೇ ವಾಸಿಯಾಗಿತ್ತು ಎಂಬುದೂ ಇದೇ ತರ್ಕದಿಂದ ಹೊರಡುತ್ತದೆ. ಅದು ನಮಗೆ ತಿಳಿದದ್ದು ಕುರ್ಚಿಗಳನ್ನೂ ಹೂಕುಂಡಗಳನ್ನೂ ಒರೆಸಿ ಒರೆಸಿ ಸುಸ್ತಾದ ಮೇಲೆ.

ಹೊರದೇಶಗಳಲ್ಲಿ ಜನರನ್ನು ಸೇರಿಸಿ ಪ್ರಯೋಗ ಮಾಡಿದರಂತೆ, ಹೌದೇ?

ಹೌದು. 2020ರ ಆಗಸ್ಟ್ 22ರಂದು ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಹಾಲೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಗಾಯಕ ಟಿಮ್ ಬೆಂಡ್ಜ್ಕೊ ಅವರ ಕಾರ್ಯಕ್ರಮವನ್ನೇ ಪ್ರಯೋಗಶಾಲೆಯಾಗಿಸಿದರು. ಸುಮಾರು 1,400 ಸ್ವಯಂಸೇವಕರ ಕೊರಳಿಗೆ ಅಂತರ ಅಳೆಯುವ ಸಾಧನ ಹಾಕಿ, ಕೈಗೆ ಹೊಳೆಯುವ ಬಣ್ಣದ ಸ್ಯಾನಿಟೈಸರ್ ಕೊಟ್ಟು, ಯಾರು ಯಾರ ಹತ್ತಿರ ಎಷ್ಟು ಹೊತ್ತು ಇದ್ದರು, ಯಾವ ಯಾವ ಕಡೆ ಕೈ ಸೋಕಿತು ಎಂದು ಗುರುತಿಸಿದರು. ಬಾರ್ಸಿಲೋನಾದಲ್ಲಿ 2021ರ ಮಾರ್ಚ್ 27ರಂದು 5,000 ಜನರಿಗೆ ಅದೇ ದಿನ ಆ್ಯಂಟಿಜೆನ್ ಪರೀಕ್ಷೆ ನಡೆಸಿ, ಎಫ್‌ಎಫ್‌ಪಿ2 ಮಾಸ್ಕ್ ಕೊಟ್ಟು, ಅಂತರದ ನಿಯಮವಿಲ್ಲದೆ ರಾಕ್ ಕಾರ್ಯಕ್ರಮ ಏರ್ಪಡಿಸಿದರು. ಅದೇ ನಗರದ ಲಿಸೇವು ಒಪೆರಾ (ಸಂಗೀತ ನಾಟಕ) ಭವನ 2020ರ ಜೂನ್ 22ರಂದು ತನ್ನ ಎಲ್ಲ 2,292 ಆಸನಗಳಲ್ಲಿ ಗಿಡದ ಕುಂಡಗಳನ್ನಿಟ್ಟು, ಅವುಗಳ ಮುಂದೆ ನಾಲ್ವರು ತಂತಿವಾದ್ಯದವರಿಂದ ಇಟಲಿಯ ಸಂಗೀತ ರಚನಕಾರ ಪುಚ್ಚೀನಿಯ ಕೃತಿ ನುಡಿಸಿಸಿ, ಗಿಡಗಳನ್ನು ಆರೋಗ್ಯ ಸಿಬ್ಬಂದಿಗೆ ಹಂಚಿತು. ಗಿಡಗಳಂತೂ ತನಿ ಆವರ್ತನಕ್ಕೆ ಎದ್ದು ಹೋಗುವುದಿಲ್ಲ.

ಇವೆಲ್ಲಕ್ಕಿಂತ ನನಗೆ ವಿಚಿತ್ರವೆನಿಸಿದ್ದು ದಕ್ಷಿಣ ಕೊರಿಯಾದ ಸೋಲ್ ನಗರದ್ದು. 2022ರ ಮಾರ್ಚ್‌ನಲ್ಲಿ ಅಲ್ಲಿನ ಬಿಟಿಎಸ್ ಎಂಬ ಪಾಪ್ ಸಂಗೀತ ತಂಡ ತನ್ನ ಊರಿನಲ್ಲೇ ಮೂರು ದಿನ ಕಾರ್ಯಕ್ರಮ ಕೊಟ್ಟಿತು. ಕಿರುಚಾಟವೇ ಜೀವಾಳವಾದ ಆ ಸಂಗೀತಕ್ಕೆ ದಿನಕ್ಕೆ 15,000ದಂತೆ ಬಂದ ಅಭಿಮಾನಿಗಳು ಕೂಗುವಂತಿರಲಿಲ್ಲ, ಎದ್ದು ನಿಲ್ಲುವಂತಿರಲಿಲ್ಲ. ಕೈಗೆ ಕೊಟ್ಟ ಕಾಗದದ ಚಪ್ಪಾಳೆಪಟ್ಟಿಯನ್ನು ಬಡಿಯಬಹುದಿತ್ತು ಅಷ್ಟೇ. ನಮ್ಮ ಬೆಂಗಳೂರಿನ ಹುಡುಗಿಯರು ಅದನ್ನು ಪರದೆಯ ಮೇಲೆ ನೋಡಿ, ನಮ್ಮ ಸಭೆಗಳ ಕಟ್ಟುಪಾಡು ಇದಕ್ಕಿಂತ ಸಡಿಲ ಎಂದು ತಮಾಷೆ ಮಾಡಿದ್ದರು.

ಪುಣೆಯ ಸವಾಯಿ ಗಂಧರ್ವ ಉತ್ಸವ ಎಷ್ಟು ವರ್ಷ ನಡೆಯಲಿಲ್ಲ?

2019ರ ಡಿಸೆಂಬರ್ ಆದಮೇಲೆ ಅದು ಮತ್ತೆ ನಡೆದದ್ದು 2022ರ ಡಿಸೆಂಬರ್‌ನಲ್ಲಿ. ಕುಂದಗೋಳದ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಸ್ಮರಣೆಗಾಗಿ ಅವರ ಶಿಷ್ಯರು 1953ರಲ್ಲಿ ಶುರುಮಾಡಿದ ಈ ಉತ್ಸವವನ್ನು ದಶಕಗಳ ಕಾಲ ಮುನ್ನಡೆಸಿದವರು ಗದಗ ಸೀಮೆಯ ಭೀಮಸೇನ ಜೋಶಿಯವರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಂದ ರೈಲು ಹತ್ತಿ ಹೋಗಿ, ಅಲ್ಲಿ ನೆಲದ ಮೇಲಿನ ಭಾರತೀಯ ಬೈಠಕ್ಕಿನ ಟಿಕೆಟ್ ಪಡೆದು ಕೂರುವ ನಮ್ಮವರಿಗೆ ಅದು ಪರವೂರಿನ ಉತ್ಸವ ಎನಿಸಿದ್ದೇ ಇಲ್ಲ. 1922ರ ಫೆಬ್ರವರಿ 4ರಂದು ಹುಟ್ಟಿದ ಜೋಶಿಯವರ ಜನ್ಮಶತಾಬ್ದಿಯ ವರ್ಷ ಕೋವಿಡ್ಡಿನ ನಡುವೆಯೇ ಬಂದು ಹೋಯಿತು. ಶತಾಬ್ದಿಗೆ ಹೋಗಲೇಬೇಕೆಂದು ಹಣ ಕೂಡಿಟ್ಟವರು ಆ ಹಣವನ್ನು ಬೇರೆ ಖರ್ಚಿಗೆ ತೆಗೆದರು.

ಸಂಗೀತ ಕಲಾನಿಧಿ ಬಿರುದು ಆ ವರ್ಷಗಳಲ್ಲಿ ಯಾರಿಗೂ ಬರಲಿಲ್ಲವೇ?

ಆಗ ಬರಲಿಲ್ಲ, ಆಮೇಲೆ ಬಂತು. ಕರ್ನಾಟಕ ಸಂಗೀತಗಾರರಿಗೆ ಈ ಬಿರುದನ್ನು ಕೊಡುವ ಚೆನ್ನೈನ ಮ್ಯೂಸಿಕ್ ಅಕಾಡೆಮಿ 2022ರಲ್ಲಿ ಮೂರು ವರ್ಷಗಳದ್ದನ್ನೂ ಒಟ್ಟಿಗೆ ಘೋಷಿಸಿತು: 2020ಕ್ಕೆ ನೈವೇಲಿ ಸಂತಾನಗೋಪಾಲನ್, 2021ಕ್ಕೆ ತಿರುವಾರೂರ್ ಭಕ್ತವತ್ಸಲಂ, 2022ಕ್ಕೆ ಲಾಲ್‌ಗುಡಿ ಜಿ.ಜೆ.ಆರ್. ಕೃಷ್ಣನ್ ಮತ್ತು ವಿಜಯಲಕ್ಷ್ಮಿ.

ಕಛೇರಿಯಿಲ್ಲದ ತಿಂಗಳುಗಳಲ್ಲಿ ಕಲಾವಿದರು ಹೇಗೆ ಬದುಕಿದರು?

ಹೆಸರಾಂತ ಗಾಯಕರಿಗೆ ಆನ್‌ಲೈನ್ ಪಾಠಗಳಿದ್ದವು. ಕಷ್ಟಕ್ಕೆ ಸಿಲುಕಿದವರು ಮದುವೆ, ಜಾತ್ರೆಗಳನ್ನೇ ನಂಬಿದ ನಾಗಸ್ವರ, ಡೋಲಿನವರು, ಘಟ, ಖಂಜಿರಗಳಂಥ ಉಪಪಕ್ಕವಾದ್ಯದವರು, ಹಿನ್ನೆಲೆಯಲ್ಲಿ ಕೂರುವ ತಂಬೂರಿಯವರು, ಮೈಕ್‌ಸೆಟ್ಟಿನವರು ಮತ್ತು ಚಪ್ಪರ ಹಾಕುವವರು. 2020ರ ಮದುವೆಯ ಕಾಲವಾದ ವೈಶಾಖ ಪೂರ್ತಿ ಲಾಕ್‌ಡೌನಿನಲ್ಲಿ ಹೋದದ್ದು ನಾಗಸ್ವರದವರಿಗೆ ಇಡೀ ವರ್ಷದ ಗಳಿಕೆ ಹೋದಂತೆಯೇ. ಗಾಯಕ ಟಿ.ಎಂ. ಕೃಷ್ಣ ಅವರ ಸುಮನಸ ಫೌಂಡೇಷನ್ ಮೊದಲಾದ ಸಂಸ್ಥೆಗಳು ನಿಧಿ ಸಂಗ್ರಹಿಸಿ ಕಲಾವಿದರಿಗೆ ಹಂಚಿದವು. 2021ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಘೋಷಿಸಿದ ಪರಿಹಾರದ ಪ್ಯಾಕೇಜಿನಲ್ಲಿ ಕಲಾವಿದರಿಗೆ ತಲಾ 3,000 ರೂಪಾಯಿ ಇತ್ತು. ಅದು ಎಷ್ಟು ದಿನಕ್ಕೆ ಸಾಕು ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಟಿಕೆಟ್ ಹಣ ವಾಪಸು ಕೇಳದ ರಸಿಕರು ಮಾಡಿದ ಉಪಕಾರವನ್ನೂ ಇದೇ ಲೆಕ್ಕದಲ್ಲಿ ಸೇರಿಸಬೇಕು.

ಆ ಕಾಲದಲ್ಲಿ ಕಳೆದುಕೊಂಡ ಕಲಾವಿದರ ಹಳೆಯ ಟಿಕೆಟ್‌ಗಳಿಗೆ ವಿಶೇಷ ಬೆಲೆ ಇದೆಯೇ?

ಮಾರುಕಟ್ಟೆಯ ಬೆಲೆ ಇಲ್ಲವೆಂದೇ ತಿಳಿಯಿರಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು 2020ರ ಸೆಪ್ಟೆಂಬರ್ 25ರಂದು, ಬನಾರಸ್ ಘರಾಣೆಯ (ಗಾಯನ ಪರಂಪರೆಯ) ರಾಜನ್ ಮಿಶ್ರಾ ಅವರು 2021ರ ಏಪ್ರಿಲ್ 25ರಂದು ಕೋವಿಡ್‌ಗೆ ತುತ್ತಾದ ನಂತರ ನಮ್ಮನ್ನಗಲಿದರು. ಹಿಂದೂಸ್ತಾನಿ ಗಾಯಕ ಪಂಡಿತ್ ಜಸರಾಜ್ ಅವರು ಲಾಕ್‌ಡೌನ್ ಕಾರಣ ಅಮೆರಿಕದಲ್ಲೇ ಉಳಿದುಕೊಂಡು, 2020ರ ಆಗಸ್ಟ್ 17ರಂದು ಅಲ್ಲಿಯೇ ತೀರಿಕೊಂಡರು. ಇಂಥವರ ಕಾರ್ಯಕ್ರಮದ ಟಿಕೆಟ್ ನಿಮ್ಮ ಬಳಿ ಇದ್ದರೆ ಕೊಳ್ಳುವವರನ್ನು ಹುಡುಕಬೇಡಿ, ಇಟ್ಟುಕೊಳ್ಳಿ.

ಈ ಟಿಕೆಟ್‌ಗಳನ್ನು ಕಾಪಾಡುವುದು ಹೇಗೆ? ನನ್ನವು ಮಾಸುತ್ತಿವೆ.

ಮಾಸುತ್ತಿದ್ದರೆ ಅವು ಥರ್ಮಲ್ ಕಾಗದದ ಮೇಲಿನ ಮುದ್ರಣಗಳು. ಬಸ್ಸಿನ ಯಂತ್ರದ ಟಿಕೆಟ್, ಎಟಿಎಂ ಚೀಟಿಗಳಂತೆಯೇ ಇದರಲ್ಲಿಯೂ ಶಾಯಿ ಇಲ್ಲ. ಕಾಗದಕ್ಕೆ ಲೇಪಿಸಿದ ರಾಸಾಯನಿಕ ಬಿಸಿ ತಗುಲಿದಲ್ಲಿ ಕಪ್ಪಾಗುತ್ತದೆ. ಬಿಸಿಲು, ಶಾಖ, ಕೈಯ ಜಿಡ್ಡು, ಅಂಟು ಮತ್ತು ಪಿವಿಸಿ ಪ್ಲಾಸ್ಟಿಕ್ ಇದಕ್ಕೆ ಶತ್ರುಗಳು. ಆದ್ದರಿಂದ ಆಲ್ಬಮ್ಮಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಇಡುವುದು, ಸೆಲೋಟೇಪ್ ಹಚ್ಚುವುದು, ಬಿಸಿಯ ಲ್ಯಾಮಿನೇಷನ್ ಮಾಡಿಸುವುದು, ಈ ಮೂರನ್ನೂ ಮಾಡಬೇಡಿ. ಲ್ಯಾಮಿನೇಷನ್ ಯಂತ್ರದಿಂದ ಇಡೀ ಟಿಕೆಟ್ ಕ್ಷಣಮಾತ್ರದಲ್ಲಿ ಕಪ್ಪಾಗಿ ಹೊರಬರುತ್ತದೆ. ಮೊದಲು ಸ್ಕ್ಯಾನ್ ಮಾಡಿ ಅಥವಾ ಫೋಟೊ ತೆಗೆಯಿರಿ, ಬಳಿಕ ಸಾದಾ ಕಾಗದದ ಲಕೋಟೆಯಲ್ಲಿ ಕತ್ತಲಿರುವ, ತಂಪಾದ ಕಪಾಟಿನಲ್ಲಿಡಿ. ಸಭೆಯವರು ಅಚ್ಚುಹಾಕಿಸಿ ಮೊಹರು ಒತ್ತಿಕೊಟ್ಟ ಹಳೆಯ ಪಾಸ್‌ಗಳಿಗೆ ಈ ಚಿಂತೆ ಕಡಿಮೆ, ಜಿರಲೆ ಮತ್ತು ತೇವದಿಂದ ಕಾಪಾಡಿದರೆ ಸಾಕು.

ಫೋನಿಗೆ ಬಂದ ಕ್ಯೂಆರ್ ಕೋಡ್ ಮಾತ್ರ ಇದ್ದರೆ?

ಅದು ಇದ್ದ ಆ್ಯಪ್ ಬದಲಾದರೆ ಅಥವಾ ನಿಮ್ಮ ನಂಬರು ಬದಲಾದರೆ ಅದೂ ಹೋಗುತ್ತದೆ. ಸ್ಕ್ರೀನ್‌ಶಾಟ್ ತೆಗೆದು, ಇಮೇಲನ್ನು ಪಿಡಿಎಫ್ ಮಾಡಿ ಉಳಿಸಿ, ಸಾಧ್ಯವಾದರೆ ಸಾದಾ ಶಾಯಿಯ ಮುದ್ರಣ ತೆಗೆದುಕೊಳ್ಳಿ.

ನಡೆಯದೇ ಹೋದ ಕಛೇರಿಯ ಟಿಕೆಟ್ ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆಯೇ?

ನಡೆದದ್ದಕ್ಕಿಂತ ಹೆಚ್ಚು ಅರ್ಥವಿದೆ ಎಂದು ನನ್ನ ಅಭಿಪ್ರಾಯ. ನಡೆದ ಕಛೇರಿಗೆ ಪತ್ರಿಕೆಯ ವಿಮರ್ಶೆ, ಧ್ವನಿಮುದ್ರಣ, ಫೋಟೊಗಳ ಸಾಕ್ಷ್ಯ ಇರುತ್ತದೆ. ನಡೆಯದ ಕಛೇರಿಯ ಮಟ್ಟಿಗೆ ಯಾರು ಹಾಡಬೇಕಾಗಿತ್ತು, ಯಾರು ಪಕ್ಕದಲ್ಲಿ ಕೂರಬೇಕಾಗಿತ್ತು ಎಂಬುದನ್ನು ಹೇಳಲು ಆಹ್ವಾನಪತ್ರಿಕೆ ಮತ್ತು ಟಿಕೆಟ್ ಬಿಟ್ಟರೆ ಬೇರೇನೂ ಇರುವುದಿಲ್ಲ. 1905ರಷ್ಟು ಹಿಂದೆ ಹುಟ್ಟಿದ ಬೆಂಗಳೂರು ಗಾಯನ ಸಮಾಜದಂತಹ ಸಂಸ್ಥೆಗಳ ಚರಿತ್ರೆ ಬರೆಯುವವರಿಗೆ ಮುಂದೆ ಇಂತಹ ಚೂರುಗಳೇ ಬೇಕಾಗುತ್ತವೆ. ಹಿಂಬದಿಯಲ್ಲಿ ಪೆನ್ಸಿಲ್‌ನಿಂದ, ಪೆನ್ನಿನಿಂದಲ್ಲ, ರದ್ದಾದ ದಿನಾಂಕ, ಪ್ರಕಟಣೆ ನಿಮಗೆ ತಲುಪಿದ ಬಗೆ, ಹಣ ಏನಾಯಿತು ಮತ್ತು ಅದೇ ಕಲಾವಿದರನ್ನು ಮುಂದೆ ಎಲ್ಲಿ, ಯಾವಾಗ ಕೇಳಿದಿರಿ ಎಂಬುದನ್ನು ಬರೆದಿಡಿ. ಥರ್ಮಲ್ ಕಾಗದವಾದರೆ ಇದನ್ನು ಲಕೋಟೆಯ ಮೇಲೆ ಬರೆಯಿರಿ.